ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು: ಹಣ ಕೊಡುವ ದಿನ ಎಡವದಿರುವುದು ಹೇಗೆ?

ಕಾರು ನೋಡಲು ಹೋಗುವಾಗ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುತ್ತಾರೆ. ಸೀಟು ಒತ್ತಿ ನೋಡುತ್ತಾರೆ, ಡಿಕ್ಕಿ ತೆಗೆದು ಮುಚ್ಚುತ್ತಾರೆ, ಬಿಳಿ ಬೇಕೋ ಸಿಲ್ವರ್ ಬೇಕೋ ಅಂತ ವಾರಗಟ್ಟಲೆ ಮಾತಾಡುತ್ತಾರೆ. ಹಣ ಕೊಡುವ ದಿನ ಮಾತ್ರ ಒಬ್ಬರೇ ಹೋಗಿ, ಬ್ರೋಕರ್ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿ, ಕೀ ತಗೊಂಡು ಬಂದುಬಿಡುತ್ತಾರೆ. ನನ್ನ ನೆಂಟರಲ್ಲಿ, ಆಫೀಸಿನವರಲ್ಲಿ ಫಜೀತಿಗೆ ಸಿಕ್ಕಿದವರನ್ನು ಲೆಕ್ಕ ಹಾಕಿದರೆ ಕೆಟ್ಟ ಕಾರು ಕೊಂಡವರು ಕಡಿಮೆ. ಒಳ್ಳೆ ಕಾರನ್ನೇ ಕೊಂಡು ಕಾಗದದಲ್ಲಿ ಕೆಟ್ಟವರೇ ಜಾಸ್ತಿ. ಹಾಗಾಗಿ ಈ ಲೇಖನದಲ್ಲಿ ಎಂಜಿನ್ನಿಗಿಂತ ಕಾಗದಕ್ಕೇ ಹೆಚ್ಚು ಜಾಗ.

1. ಈಗಿರುವ ಹಳೆ ಕಾರನ್ನು ಕೊಡಬೇಕೋ, ಇಟ್ಟುಕೊಳ್ಳಬೇಕೋ?

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಕಾರು ಓಡಿಸಲು ಯೋಗ್ಯ ಅನ್ನುವ ಪತ್ರ) ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 15 ವರ್ಷವಾದಾಗ ಮಾಡಿಸುವ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇದರ ಜೊತೆ ಹಸಿರು ತೆರಿಗೆ, ಎಫ್‌ಸಿಗೆ ಮುಂಚೆ ಮಾಡಿಸಬೇಕಾದ ಟೈರು, ಸೈಲೆನ್ಸರ್, ಪೇಂಟಿಂಗ್ ಎಲ್ಲ ಸೇರಿಸಿ ನೋಡಿ. ಕಾರು ಮಾರಿದರೆ ಸಿಗುವ ದುಡ್ಡಿನ ಅರ್ಧದಷ್ಟು ಅದಕ್ಕೇ ಹೋಗುವಂತಿದ್ದರೆ ಕೊಟ್ಟುಬಿಡಿ. ಆರ್‌ಸಿ, ಅಂದರೆ ನೋಂದಣಿ ಪತ್ರದ ಅವಧಿ ಇನ್ನೂ ಒಂದು ವರ್ಷವಾದರೂ ಇರುವಾಗಲೇ ಮಾರುವುದು ಒಳ್ಳೆಯದು. ಅವಧಿ ಮುಗಿದ ಮೇಲೆ ಕೇಳಿ ಬರುವವರು ಗುಜರಿ ರೇಟಿನಿಂದಲೇ ಮಾತು ಶುರು ಮಾಡುತ್ತಾರೆ.

2. ಕಾರಿಗಿಂತ ಮೊದಲು ಸಾಲ

ಕಾರು ಒಪ್ಪಿಗೆಯಾದ ಮೇಲೆ ಸಾಲ ಹುಡುಕಿದರೆ ಡೀಲರ್ ತೋರಿಸಿದ ಫೈನಾನ್ಸೇ ಗತಿ. ಅವನಿಗೆ ಅದರಲ್ಲಿ ಕಮಿಷನ್ ಇರುತ್ತದೆ. ನಿಮ್ಮ ಸಂಬಳ ಜಮಾ ಆಗುವ ಬ್ಯಾಂಕಿಗೆ ಮೊದಲು ಹೋಗಿ, ಎಷ್ಟು ಕೊಡುತ್ತಾರೆ, ಎಷ್ಟು ವರ್ಷ ಹಳೆಯ ಕಾರಿಗೆ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ಬ್ಯಾಂಕು ಸಾಲ ಕೊಡುವುದು ತನ್ನ ವ್ಯಾಲ್ಯುಯರ್ (ಬೆಲೆ ಕಟ್ಟುವವರು) ಹಾಕಿದ ಬೆಲೆಯ ಮೇಲೆ. ಮಾರುವವನು 5 ಲಕ್ಷ ಹೇಳಿ, ವ್ಯಾಲ್ಯುಯರ್ ನಾಲ್ಕೂವರೆ ಬರೆದರೆ ಉಳಿದದ್ದು ನಿಮ್ಮ ಜೇಬಿನಿಂದಲೇ ಬರಬೇಕು.

ಇನ್ನು ಬಡ್ಡಿ. ‘ಬರೀ 9 ಪರ್ಸೆಂಟ್ ಸಾರ್’ ಅಂದರೆ ತಕ್ಷಣ ಕೇಳಬೇಕಾದ್ದು ಒಂದೇ ಪ್ರಶ್ನೆ: ಫ್ಲ್ಯಾಟೋ, ರೆಡ್ಯೂಸಿಂಗೋ? 4 ಲಕ್ಷ ಸಾಲ, 4 ವರ್ಷ, ಫ್ಲ್ಯಾಟ್ 9 ಅಂದರೆ ಬಡ್ಡಿ 1,44,000 ರೂಪಾಯಿ, ತಿಂಗಳ ಕಂತು ಸುಮಾರು 11,333. ಅಸಲು ತೀರುತ್ತ ಬಂದರೂ ಪೂರ್ತಿ 4 ಲಕ್ಷಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಬಾಕಿ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕಕ್ಕೆ ತಿರುಗಿಸಿದರೆ ಅದು ಹತ್ತಿರ ಹತ್ತಿರ 16 ಪರ್ಸೆಂಟ್! ಪಕ್ಕದ ಬ್ಯಾಂಕು ‘ರೆಡ್ಯೂಸಿಂಗ್ 12’ ಅಂದರೆ ಕಂತು ಸುಮಾರು 10,534, ಒಟ್ಟು ಬಡ್ಡಿ 1,05,600ರ ಆಸುಪಾಸು. ಕೇಳೋಕೆ 9 ಚಿಕ್ಕದು, ಕಟ್ಟೋಕೆ 12 ಚಿಕ್ಕದು.

2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಬಡ್ಡಿಯ ಜೊತೆ ಪ್ರೊಸೆಸಿಂಗ್ ಫೀ ಮುಂತಾದ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರ ಅದು. ಎರಡು ಕಡೆಯ ಹಾಳೆ ತಂದು ಆ ಒಂದು ಸಂಖ್ಯೆ ಹೋಲಿಸಿದರೆ ಸಾಕು. ಜೊತೆಗೆ, ಮುಂಚೆಯೇ ಸಾಲ ತೀರಿಸಿದರೆ ಎಷ್ಟು ದಂಡ ಅಂತಲೂ ನೋಡಿ. ಫಿಕ್ಸೆಡ್ ಬಡ್ಡಿಯ ಕಾರು ಸಾಲದಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಸಾಲದ ಜೊತೆ ಸದ್ದಿಲ್ಲದೆ ಸೇರಿಸುವ ‘ಲೋನ್ ಪ್ರೊಟೆಕ್ಷನ್’ (ಸಾಲ ಪಡೆದವರು ತೀರಿಕೊಂಡರೆ ಸಾಲ ತೀರಿಸುವ) ವಿಮೆ ಬೇಡ ಅನ್ನಿ. ಅದರ ಪ್ರೀಮಿಯಂ ಸಾಲದ ಮೊತ್ತಕ್ಕೇ ಸೇರುತ್ತದೆ, ಅದಕ್ಕೂ ನೀವೇ ಬಡ್ಡಿ ಕಟ್ಟುತ್ತೀರಿ. ನಿಮಗೆ ಟರ್ಮ್ ಇನ್ಶೂರೆನ್ಸ್, ಅಂದರೆ ಬರೀ ಜೀವಕ್ಕೆ ಮಾಡಿಸುವ ವಿಮೆ, ಇದ್ದರೆ ಇದರ ಅಗತ್ಯವೇ ಇಲ್ಲ.

ಅವಧಿ 4 ವರ್ಷ ದಾಟಬೇಡಿ. 5 ವರ್ಷಕ್ಕೆ ಹೋದರೆ ಮಾತ್ರ ಕಂತು ಹೊಂದುತ್ತದೆ ಅಂತಾದರೆ ಆ ಕಾರು ನಿಮ್ಮ ಸಂಬಳಕ್ಕೆ ದೊಡ್ಡದಾಯಿತು ಅಂತ ಅರ್ಥ.

3. ಯಾವ ಕಾರು?

ನನ್ನನ್ನು ಕೇಳಿದರೆ 4ರಿಂದ 6 ವರ್ಷದ, ಫಸ್ಟ್ ಓನರ್, ಪೆಟ್ರೋಲ್, ಕರ್ನಾಟಕದ್ದೇ ನೋಂದಣಿ. ಊರೊಳಗಷ್ಟೇ ಓಡಿಸುವವರು ಬಿಎಸ್ 6 (ಈಗಿನ ಹೊಗೆ ನಿಯಮದ) ಡೀಸೆಲ್ ತಗೋಬೇಡಿ. ಸಣ್ಣ ಸಣ್ಣ ಓಡಾಟದಲ್ಲಿ ಅದರ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಗ್ಯಾರೇಜಿನ ಬಿಲ್ ನೋಡಿದರೆ ಉಳಿಸಿದ ಇಂಧನದ ದುಡ್ಡು ನೆನಪಿಗೂ ಬರುವುದಿಲ್ಲ. ‘ಡೆಲ್ಲಿ ಗಾಡಿ, ಅರ್ಧ ರೇಟು’ ಅನ್ನುವವರಿಂದಲೂ ದೂರ ಇರಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅಷ್ಟು ಹೊತ್ತಿಗೆ ಅರ್ಧ ರೇಟು ಮುಕ್ಕಾಲಾಗಿರುತ್ತದೆ.

ಬೆಲೆ ಮಾತಾಡುವ ಮುಂಚೆ ಅದೇ ಮಾದರಿಯ ಹೊಸ ಕಾರಿನ ಇವತ್ತಿನ ಆನ್‌ರೋಡ್ ದರ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಮಾರುವವರು ಈಗಲೂ ತಾವು ಕೊಟ್ಟ ಹಳೆ ಬೆಲೆಯನ್ನೇ ಹಿಡಿದು ಲೆಕ್ಕ ಹೇಳುತ್ತಾರೆ. ಆಷಾಢದಲ್ಲಿ ಚೌಕಾಸಿ ಮಾಡಿ. ಆಯುಧಪೂಜೆಯ ಹಿಂದಿನ ವಾರ ಯಾರೂ ಬಗ್ಗುವುದಿಲ್ಲ.

4. ಕಾರು ನೋಡುವುದು

ಬೆಳಿಗ್ಗೆಯೇ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿರುವ ಎಂಜಿನ್ ಹೇಗೆ ಹಿಡಿಯುತ್ತದೆ ಅಂತ ನೋಡುವುದೇ ಮುಖ್ಯ ಅಲ್ವಾ? ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಾನೆಟ್ ಎತ್ತಿ ಅಕ್ಕಪಕ್ಕದ ಬೋಲ್ಟ್‌ಗಳ ತಲೆ ನೋಡಿ. ಬಣ್ಣ ಕಿತ್ತಿದ್ದರೆ ಆ ಭಾಗ ಒಮ್ಮೆ ಬಿಚ್ಚಿದ್ದಾರೆ ಅಂತ ಲೆಕ್ಕ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮಳೆನೀರಿನಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಬೆಲ್ಟಿನ ಒಳಗಿನ ಒಂದಡಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕರಾವಳಿಯ ಕಾರಾದರೆ ಅಡಿಭಾಗದ ತುಕ್ಕು ನೋಡದೆ ಮುಂದೆ ಹೋಗಬೇಡಿ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಖುಷಿಪಡಬೇಡಿ, ಅನುಮಾನಪಡಿ.

ಉಳಿದದ್ದಕ್ಕೆ ನಿಮ್ಮದೇ ಮೆಕ್ಯಾನಿಕ್ ಕರೆದುಕೊಂಡು ಹೋಗಿ, ಅವರಿಗೆ ಕೊಡಬೇಕಾದ್ದು ಕೊಡಿ. ಡೀಲರ್ ತೋರಿಸುವ ‘ನೂರಾರು ಪಾಯಿಂಟ್ ತಪಾಸಣೆ’ ಹಾಳೆ ಅವರೇ ಬರೆದುಕೊಂಡದ್ದು. ಕಿಲೋಮೀಟರ್ ನಿಜವೋ ಸುಳ್ಳೋ ಅಂತ ತಿಳಿಯಲು ಕಂಪನಿ ಸರ್ವಿಸ್ ಸೆಂಟರಿನ ಹಳೆ ಬಿಲ್ಲುಗಳನ್ನು ಕೇಳಿ.

5. ಹಣ ಕೊಡುವ ದಿನ

ಇಲ್ಲಿ ನಿಧಾನ ಮಾಡಿ.

ಟೋಕನ್ ಅಡ್ವಾನ್ಸ್ ಕೊಡುವ ಮುಂಚೆಯೇ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ. ಎಷ್ಟನೇ ಓನರ್, ವಿಮೆ ಯಾವತ್ತಿಗೆ ಮುಗಿಯುತ್ತದೆ, ಯಾವ ಬ್ಯಾಂಕಿನ ಸಾಲ ಇದೆ, ಬ್ಲ್ಯಾಕ್‌ಲಿಸ್ಟ್ ಆಗಿದೆಯೋ ಎಲ್ಲ ಗೊತ್ತಾಗುತ್ತದೆ. ಟ್ರಾಫಿಕ್ ದಂಡ ಬಾಕಿ ಇದ್ದರೆ ಮಾರುವವರಿಂದಲೇ ಕಟ್ಟಿಸಿ. 2019ರ ಏಪ್ರಿಲ್‌ಗಿಂತ ಹಳೆಯ ಕಾರಾದರೆ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಅದಿಲ್ಲದಿದ್ದರೆ ಹೆಸರು ಬದಲಾವಣೆಯ ಅರ್ಜಿಯೇ ಮುಂದೆ ಹೋಗದೆ ನಿಲ್ಲಬಹುದು.

ಎಡವುವುದು ಹೆಚ್ಚಾಗಿ ಸಾಲದ ವಿಷಯದಲ್ಲಿ. ಮಾರುವವರ ಸಾಲ ಇನ್ನೂ ಬಾಕಿ ಇದ್ದರೆ ಆರ್‌ಸಿಯಲ್ಲಿ ಅವರ ಬ್ಯಾಂಕಿನ ಹೆಸರು, ಅಂದರೆ ಕಾರು ಸಾಲಕ್ಕೆ ಅಡವಿದೆ ಅನ್ನುವ ‘ಎಚ್‌ಪಿ’ ನಮೂದು, ಇರುತ್ತದೆ. ‘ನೀವು ದುಡ್ಡು ಕೊಡಿ, ನಾನು ನಾಳೆನೇ ಸಾಲ ಕ್ಲೋಸ್ ಮಾಡ್ತೀನಿ’ ಅನ್ನುತ್ತಾರೆ. ಒಳ್ಳೆಯವರೇ ಇರಬಹುದು. ಆದರೂ ಕೊಡಬೇಡಿ. ಆ ದುಡ್ಡು ಅವರ ಹೊಸ ಕಾರಿನ ಡೌನ್ ಪೇಮೆಂಟಿಗೆ ಹೋಗಿ, ಹಳೆ ಸಾಲದ ಕಂತು ತಪ್ಪಿದರೆ, ಬ್ಯಾಂಕಿನವರು ಜಪ್ತಿಗೆ ಬರುವುದು ನಿಮ್ಮ ಮನೆ ಮುಂದೆ ನಿಂತ ಕಾರಿಗೆ.

ಸರಿಯಾದ ದಾರಿ ಹೀಗಿದೆ. ಮಾರುವವರು ತಮ್ಮ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಲೆಟರ್ ತರಲಿ. ಯಾವ ತಾರೀಖಿನವರೆಗೆ ಎಷ್ಟು ಕಟ್ಟಬೇಕು, ತಡವಾದರೆ ದಿನಕ್ಕೆ ಎಷ್ಟು ಸೇರುತ್ತದೆ ಅಂತ ಅದರಲ್ಲಿ ಇರುತ್ತದೆ. ಅಷ್ಟು ಹಣವನ್ನು ನೇರವಾಗಿ ಅವರ ಸಾಲದ ಖಾತೆಗೇ ಕಟ್ಟಿ, ಅಥವಾ ನಿಮ್ಮ ಬ್ಯಾಂಕಿನಿಂದಲೇ ಕಟ್ಟಿಸಿ. ರಸೀದಿ ನಿಮ್ಮ ಕೈಯಲ್ಲಿರಲಿ. ಸಾಲ ತೀರಿದ ಮೇಲೆ ಆ ಬ್ಯಾಂಕು ಎನ್‌ಒಸಿ ಮತ್ತು ಸಹಿ, ಸೀಲು ಹಾಕಿದ ಫಾರ್ಮ್ 35 ಕೊಡುತ್ತದೆ. ಅದು ಬರಲು ವಾರಗಳು ಹಿಡಿಯಬಹುದು. ಅದು ಬಂದು ಹೊಸ ಆರ್‌ಸಿ ನಿಮ್ಮ ಕೈ ಸೇರುವವರೆಗೆ ಮಾರುವವರಿಗೆ ಸೇರಬೇಕಾದ ಉಳಿದ ಹಣದಲ್ಲಿ ಒಂದು ಪಾಲು ನಿಮ್ಮ ಹತ್ತಿರವೇ ಇರಬೇಕು. ನಾನಾದರೆ 20,000ಕ್ಕೆ ಕಡಿಮೆ ಹಿಡಿಯುವುದಿಲ್ಲ. ಇದನ್ನು ಮೊದಲೇ ಮಾತಾಡಿಕೊಂಡು ಬರೆದಿಟ್ಟರೆ ಯಾರಿಗೂ ಬೇಜಾರಿಲ್ಲ.

ಆಮೇಲೆ ಆರ್‌ಟಿಒ ಅರ್ಜಿಗಳು. ಹಳೆ ಎಚ್‌ಪಿ ತೆಗೆಯಲು ಫಾರ್ಮ್ 35, ಮಾರಿದ್ದೇನೆ ಅಂತ ತಿಳಿಸಲು ಫಾರ್ಮ್ 29, ನನ್ನ ಹೆಸರಿಗೆ ಮಾಡಿ ಅಂತ ಕೇಳಲು ಫಾರ್ಮ್ 30, ನಿಮ್ಮ ಬ್ಯಾಂಕಿನ ಎಚ್‌ಪಿ ಸೇರಿಸಲು ಫಾರ್ಮ್ 34. ರಾಜ್ಯದ ಒಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು ಅನ್ನುವುದು ಕಾನೂನು. ಯಾವ ಫಾರ್ಮನ್ನೂ ಖಾಲಿ ಬಿಟ್ಟು ಸಹಿ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ.

ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುವಾಗ ಪಕ್ಕದಲ್ಲೇ ನಿಂತಿರಿ. ಲೋಹದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ 17 ಅಕ್ಷರ ಒಂದೊಂದಾಗಿ ಮೂಡುತ್ತವೆ. ಅದನ್ನು ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಬಿ ಮತ್ತು 8 ಅದಲುಬದಲಾಗಿದ್ದರೂ ಮುಂದೆ ಓಡಾಡಬೇಕಾದವರು ನೀವೇ.

ಕಾರು ಕೈಗೆ ಬಂದ ಗಳಿಗೆಯಲ್ಲಿ ಡೆಲಿವರಿ ನೋಟ್ ಬರೆಸಿ. ತಾರೀಖು ಒಂದೇ ಸಾಲದು. ಗಂಟೆ, ನಿಮಿಷ, ಮೀಟರಿನ ಕಿಲೋಮೀಟರ್, ಎರಡು ಕೀ ಕೊಟ್ಟಿದ್ದಾರೋ ಒಂದೋ, ಎಲ್ಲ ಇರಲಿ. ಆ ದಿನ ಬೆಳಿಗ್ಗೆ ಅವರು ಸಿಗ್ನಲ್ ಹಾರಿದ್ದರೆ ಅದರ ದಂಡ ಯಾರದ್ದು ಅಂತ ಆ ಹಾಳೆ ಹೇಳುತ್ತದೆ.

6. ನಿಮ್ಮ ಹಳೆ ಕಾರು ಕೊಡುವಾಗ

ಈಗ ಇದೇ ನಿಯಮಗಳು ತಿರುಗುಮುರುಗು. ಎಕ್ಸ್‌ಚೇಂಜಿಗೆ ಕೊಟ್ಟು, ಸಹಿ ಮಾಡಿದ ಖಾಲಿ 29, 30 ಕೈಗಿಟ್ಟು, ಮರೆತುಬಿಡುವವರೇ ಜಾಸ್ತಿ. ಆ ಕಾರು ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಆರ್‌ಸಿಯಲ್ಲಿ ಮಾತ್ರ ನಿಮ್ಮ ಹೆಸರೇ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಹಿಡಿಯಬೇಕು, ಪರಿಹಾರದ ಹೊಣೆಯೂ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಕಾರು ಮೂರ್ನಾಲ್ಕು ಕೈ ಬದಲಾಗಿತ್ತು, ಆದರೂ ಹೊಣೆ ಮೊದಲಿನವರ ಮೇಲೇ ಬಂತು.

ಡೀಲರಿಗೆ ಕೊಡುವುದಾದರೆ ಆರ್‌ಟಿಒ ಅಧಿಕೃತ ಪತ್ರ ಪಡೆದವರಿಗೇ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅಂಥವರಿಗೆ ಕಾರು ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ತಿಳಿಸಬಹುದು. ಆಮೇಲೆ ಆ ಕಾರಿಗೆ ಡೀಲರೇ ಮಾಲೀಕನ ಸ್ಥಾನದಲ್ಲಿರುತ್ತಾನೆ. ‘ಅದೆಲ್ಲ ಯಾಕೆ ಸಾರ್, ಸುಮ್ನೆ ಲೇಟು’ ಅಂದರೆ ಬೇರೆ ಡೀಲರ್ ನೋಡಿ. ಹಳೆ ಫಾಸ್ಟ್ಯಾಗ್ ಅದೇ ದಿನ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಯಾರೋ ಮೈಸೂರಿಗೆ ಹೋಗಿ ಬರುವ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

7. ವಿಮೆ

ನೋ ಕ್ಲೇಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನದ್ದಲ್ಲ, ನಿಮ್ಮದು. ಹಳೆ ಕಾರು ಮಾರಿದಾಗ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಳ್ಳಿ, 3 ವರ್ಷ ನಡೆಯುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ 50 ಪರ್ಸೆಂಟ್ ರಿಯಾಯಿತಿ ಇರುತ್ತದೆ, ಸುಮ್ಮನೆ ಬಿಟ್ಟುಕೊಡಬೇಡಿ. ಕೊಂಡ ಕಾರಿನ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಎದುರಿನವರಿಗೆ ಆದ ಹಾನಿಯ ವಿಮೆ ಮುಂದುವರಿಯುತ್ತದೆ. ಆದರೆ ಪಾಲಿಸಿ ಹಳಬರ ಹೆಸರಲ್ಲೇ ಇದ್ದರೆ ನಿಮ್ಮ ಕಾರಿನ ರಿಪೇರಿ ಖರ್ಚು ಸಿಗುವುದು ಕಷ್ಟ.

8. ಆರ್‌ಸಿ ಬಂದ ಮೇಲೆ

ಕಾರ್ಡಿನಲ್ಲಿ ನಿಮ್ಮ ಹೆಸರು, ವಿಳಾಸ, ಬ್ಯಾಂಕಿನ ಹೆಸರು ಸರಿಯಾಗಿವೆಯಾ ನೋಡಿ, ಆಮೇಲೆ ಹಿಡಿದಿಟ್ಟ ಹಣ ಕೊಟ್ಟುಬಿಡಿ. ಸೆರಾಮಿಕ್ ಕೋಟಿಂಗ್, ಟೆಫ್ಲಾನ್ ಅಂತ ಯಾರಾದರೂ ಬಂದರೆ ಕಳಿಸಿ. ಆ ದುಡ್ಡಿನಲ್ಲಿ ಎಲ್ಲ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಾಯಿಸಿ. ಕೊನೆಯ ಕಂತು ಕಟ್ಟಿದ ತಿಂಗಳು ಬ್ಯಾಂಕಿನಿಂದ ನಿಮ್ಮ ಎನ್‌ಒಸಿ, ಫಾರ್ಮ್ 35 ತಂದು ನೇರ ಆರ್‌ಟಿಒಗೆ ಕೊಡಿ. ಬೀರುವಿನಲ್ಲಿಟ್ಟು ಮರೆತರೆ ಕಾರು ಮಾರುವ ಹೊತ್ತಿಗೆ ಅದರ ಅವಧಿ ಮುಗಿದು, ಮತ್ತೆ ಬ್ಯಾಂಕಿಗೆ ಅಲೆಯಬೇಕಾಗುತ್ತದೆ.