ಮಗುವಿನ ಸಂವಹನ ಅಧ್ಯಯನ ಮಾಡುವಾಗ ಎದುರಿಗೆ ಕೂತವರನ್ನೂ ಅಳೆಯಿರಿ

ಒಂದು ವಿಡಿಯೊದಿಂದ ಶುರು ಮಾಡುತ್ತೇನೆ. ನಾಲ್ಕು ವರ್ಷದ ಆಟಿಸ್ಟಿಕ್ ಹುಡುಗ ನೆಲದ ಮೇಲೆ ಕೂತು ಆಟದ ಕಾರಿನ ಚಕ್ರ ತಿರುಗಿಸುತ್ತಿದ್ದಾನೆ. ಎದುರಿಗೆ ದೊಡ್ಡವರೊಬ್ಬರು. "ಇದೇನು?" ಎಂದು ಕೇಳಿದರು. ಉತ್ತರ ಇಲ್ಲ. "ಕಾರು ಅಲ್ವಾ?" ಉತ್ತರ ಇಲ್ಲ. "ಯಾವ ಬಣ್ಣ, ಹೇಳು ನೋಡೋಣ?" ಅದಕ್ಕೂ ಇಲ್ಲ. ನಾನು ಆಗ ಈ ಕೆಲಸಕ್ಕೆ ಹೊಸಬಳು. ಹಾಳೆಯಲ್ಲಿ ಮೂರು ಸಲ "ಪ್ರತಿಕ್ರಿಯೆ ಇಲ್ಲ" ಎಂದು ಬರೆದೆ. ಒಂದು ವಾರ ಬಿಟ್ಟು ಅದೇ ತುಣುಕನ್ನು ನಿಧಾನವಾಗಿ ಓಡಿಸಿ ನೋಡಿದೆ. ಮೊದಲ ಪ್ರಶ್ನೆ ಕೇಳಿ ಒಂಬತ್ತು ಸೆಕೆಂಡ್ ಆದ ಮೇಲೆ ಅವನು ಕಾರನ್ನು ನಾಲ್ಕು ಬೆರಳಿನಷ್ಟು ಅವರ ಕಡೆ ಸರಿಸಿ, ತಿರುಗುವ ಚಕ್ರ ಅವರಿಗೆ ಕಾಣುವ ಹಾಗೆ ಹಿಡಿದಿದ್ದ. ಅಷ್ಟರಲ್ಲಿ ಅವರು ಮೂರನೇ ಪ್ರಶ್ನೆ ಕೇಳುತ್ತಿದ್ದರು. ಹುಡುಗ ಉತ್ತರ ಕೊಟ್ಟಿದ್ದ. ಅವರು ಕಾಯಲಿಲ್ಲ, ನಾನು ನೋಡಲಿಲ್ಲ.

ನಾನು ಇಲ್ಲಿ ಹೇಳುವುದೆಲ್ಲ ಆ ಒಂಬತ್ತು ಸೆಕೆಂಡಿನಿಂದ ಕಲಿತದ್ದು. ಸಂವಹನ ಇಬ್ಬರ ನಡುವೆ ನಡೆಯುವ ಕೆಲಸ. ಮಗುವನ್ನು ಮಾತ್ರ ಅಳೆದರೆ ಅರ್ಧ ಮಾತ್ರ ಸಿಗುತ್ತದೆ, ಆ ಅರ್ಧವೂ ತಪ್ಪಾಗಿರಬಹುದು. ನೀವು ವಿದ್ಯಾರ್ಥಿಯೋ, ಥೆರಪಿಸ್ಟೋ, ಟೀಚರೋ, ಸಣ್ಣ ಮಟ್ಟದಲ್ಲಿ ಒಂದು ಅಧ್ಯಯನ ಮಾಡಬೇಕು ಅಂತಿದ್ದರೆ ಇದು ನಿಮಗೆ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿಕೊಳ್ಳಿ. "ನ್ಯೂರೋಡೈವರ್ಜೆಂಟ್ ಮಕ್ಕಳ ಸಾಮಾಜಿಕ ಸಂವಹನ" ಎಂದರೆ ದೊಡ್ಡ ಸಮುದ್ರ. ನ್ಯೂರೋಡೈವರ್ಜೆಂಟ್ ಅಂದರೆ ಮೆದುಳು ಹೆಚ್ಚಿನವರಿಗಿಂತ ಬೇರೆ ರೀತಿ ಕೆಲಸ ಮಾಡುವವರು, ಆಟಿಸ್ಟಿಕ್ ಮಕ್ಕಳು ಅದರಲ್ಲಿ ಒಂದು ಗುಂಪು ಮಾತ್ರ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲಿಸಲು, ತಡೆದುಕೊಳ್ಳಲು ಕಷ್ಟವಾಗುವ ಸ್ಥಿತಿ, ಇರುವ ಮಗುವಿಗೆ ಸರದಿ ಕಾಯಬೇಕು ಅಂತ ಗೊತ್ತಿರುತ್ತದೆ, ಆದರೆ ಮಾತು ಮೊದಲೇ ಹೊರಗೆ ಬಂದುಬಿಡುತ್ತದೆ. ಭಾಷಾ ಬೆಳವಣಿಗೆಯ ತೊಂದರೆ, ಅಂದರೆ ಡಿಎಲ್‌ಡಿ, ಇರುವ ಮಗುವಿಗೆ ಹೇಳುವ ಆಸೆ ಇರುತ್ತದೆ, ವಾಕ್ಯ ಕೂಡಿಬರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ "ಮಾತುಕತೆಯಲ್ಲಿ ಎಡವುತ್ತದೆ" ಎಂದೇ ಕಾಣುತ್ತದೆ. ಎಲ್ಲರನ್ನೂ ಒಂದೇ ಗುಂಪಿಗೆ ಹಾಕಿದರೆ ಬರುವ ಸರಾಸರಿ ಯಾವ ಮಗುವಿನದೂ ಆಗಿರುವುದಿಲ್ಲ. ಹಳೆಯ ಲೇಖನ ಓದುವಾಗ ಇನ್ನೊಂದು ವಿಷಯ ನೆನಪಿರಲಿ: 2013ರಲ್ಲಿ ಡಿಎಸ್‌ಎಂ-5 ಬರುವ ತನಕ ಇಂಥ ಸ್ಥಿತಿಗಳನ್ನು ಗುರುತಿಸಲು ಬಳಸುವ ಅಮೆರಿಕದ ಆ ಕೈಪಿಡಿಯ ಪ್ರಕಾರ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಡಯಾಗ್ನೋಸಿಸ್ ಒಂದೇ ಮಗುವಿಗೆ ಕೊಡುವ ಹಾಗಿರಲಿಲ್ಲ. ಹಾಗಾಗಿ ಅಲ್ಲಿ "ಆಟಿಸಂ ಮಾತ್ರ" ಎಂದು ಬರೆದ ಗುಂಪಿನಲ್ಲಿ ಎರಡೂ ಇದ್ದ ಮಕ್ಕಳು ಇದ್ದಿರಬಹುದು.

ಒಳ್ಳೆಯ ಪ್ರಶ್ನೆ ಹೀಗಿರುತ್ತದೆ: ಆಟದ ನಡುವೆ ದೊಡ್ಡವರು ಸುಮ್ಮನಾದಾಗ, ಮೂರರಿಂದ ಐದು ವರ್ಷದ ಆಟಿಸ್ಟಿಕ್ ಮಕ್ಕಳು ತಾವಾಗಿ ಎಷ್ಟು ಸಲ, ಯಾವ ರೀತಿಯಲ್ಲಿ ಸಂಪರ್ಕ ಶುರು ಮಾಡುತ್ತಾರೆ? ಇದನ್ನು ನೋಡಬಹುದು, ಎಣಿಸಬಹುದು, ಬೇರೆಯವರೂ ಮಾಡಿ ನೋಡಬಹುದು.

ಓದುವಾಗ ಪ್ರತಿ ಅಧ್ಯಯನಕ್ಕೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಮಗುವಿನ ಎದುರಿಗೆ ಇದ್ದವರು ಯಾರು? 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 11 ಆಟಿಸ್ಟಿಕ್ ಮಕ್ಕಳ ಬಗ್ಗೆ ಬರೆದರು. ಗಮನವೆಲ್ಲ ಮಕ್ಕಳ ಒಂಟಿತನದ ಮೇಲೆ. 1985ರಲ್ಲಿ ಬ್ಯಾರನ್-ಕೋಹೆನ್, ಲೆಸ್ಲಿ ಮತ್ತು ಫ್ರಿತ್ ಸ್ಯಾಲಿ-ಆನ್ ಎಂಬ ಗೊಂಬೆ ಪ್ರಯೋಗ ಮಾಡಿದರು. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ, ಆನ್ ಅದನ್ನು ಪೆಟ್ಟಿಗೆಗೆ ಹಾಕುತ್ತಾಳೆ, ವಾಪಸ್ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ? 20 ಆಟಿಸ್ಟಿಕ್ ಮಕ್ಕಳಲ್ಲಿ 16 ಮಕ್ಕಳು ತಪ್ಪು ಹೇಳಿದರು. ಈ ಮಕ್ಕಳಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. ಆದರೆ ಆ ಕಥೆ, ಆ ಪ್ರಶ್ನೆ, ಅದನ್ನು ಬಿಡಿಸಿಕೊಳ್ಳಲು ಬೇಕಾದ ಭಾಷೆ ಎಷ್ಟು ಭಾರ ಎಂಬ ಟೀಕೆಯೂ ಬಂತು.

2012ರಲ್ಲಿ ಡೇಮಿಯನ್ ಮಿಲ್ಟನ್ ಪ್ರಶ್ನೆಯನ್ನೇ ತಿರುಗಿಸಿದರು. ಅವರೂ ಆಟಿಸ್ಟಿಕ್. ಅರ್ಥವಾಗದೇ ಇರುವುದು ಎರಡೂ ಕಡೆಯಿಂದ ಎಂದರು. ಇದಕ್ಕೆ ಡಬಲ್ ಎಂಪತಿ ಎನ್ನುತ್ತಾರೆ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಯವರು ಇದನ್ನು ಪರೀಕ್ಷೆ ಮಾಡಿದ ರೀತಿ ನನಗೆ ತುಂಬಾ ಇಷ್ಟ. ಎಂಟು ಜನರ ಸಾಲು, ಒಬ್ಬರು ಕೇಳಿದ ಕಥೆಯನ್ನು ಮುಂದಿನವರಿಗೆ ಹೇಳಬೇಕು. ಎಲ್ಲರೂ ಆಟಿಸ್ಟಿಕ್ ಇದ್ದ ಸಾಲಿನಲ್ಲಿ ಕಥೆ ಉಳಿದದ್ದು ಆಟಿಸ್ಟಿಕ್ ಅಲ್ಲದವರ ಸಾಲಿನಲ್ಲಿ ಉಳಿದಷ್ಟೇ. ಇಬ್ಬರೂ ಬೆರೆತ ಸಾಲಿನಲ್ಲಿ ಜಾಸ್ತಿ ಕಳೆದುಹೋಯಿತು. ಇದು ದೊಡ್ಡವರ ಮೇಲೆ ಮಾಡಿದ ಅಧ್ಯಯನ, ನೇರವಾಗಿ ಮಕ್ಕಳಿಗೆ ಅನ್ವಯಿಸಬೇಡಿ. ಆದರೆ ನಿಮ್ಮ ಅಧ್ಯಯನದಲ್ಲಿ ಜೊತೆಗಾರರು ಯಾರು ಅನ್ನುವುದನ್ನು ಬರೆದಿಡದಿದ್ದರೆ ನೀವು ಏನನ್ನು ಕಳೆದುಕೊಳ್ಳುತ್ತೀರಿ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಯೋಜನೆ ಹಾಳೆಯ ಮೇಲೆ ಬಂದ ಕೂಡಲೇ ಅದನ್ನು ಆಟಿಸ್ಟಿಕ್ ದೊಡ್ಡವರಿಗೆ, ಇಬ್ಬರು ಮೂವರು ಪೋಷಕರಿಗೆ ತೋರಿಸಿ. ಎಲ್ಲ ಮುಗಿದ ಮೇಲೆ ಅಲ್ಲ, ಬದಲಾಯಿಸಲು ಸಾಧ್ಯ ಇರುವಾಗ. ನನ್ನ ಮೊದಲ ಯೋಜನೆಯಲ್ಲಿ ಮುಖ್ಯ ಎಣಿಕೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಓದಿದ ಆಟಿಸ್ಟಿಕ್ ಮಹಿಳೆಯೊಬ್ಬರು ಹೇಳಿದರು, "ಕಣ್ಣು ನೋಡ್ತಾ ಇದ್ದರೆ ನನಗೆ ಮಾತು ಕೇಳಿಸಲ್ಲ. ಕೇಳಬೇಕು ಅಂತಲೇ ನಾನು ಬೇರೆ ಕಡೆ ನೋಡೋದು." ಅವರ ಲೆಕ್ಕದಲ್ಲಿ ಚೆನ್ನಾಗಿ ಕೇಳಿಸಿಕೊಂಡ ಮಗುವಿಗೆ ನಾನು ಸೊನ್ನೆ ಕೊಡಲಿದ್ದೆ.

ಒಪ್ಪಿಗೆಯ ವಿಷಯಕ್ಕೆ ಸಮಯ ಕೊಡಿ. ನೈತಿಕ ಸಮಿತಿಯ ಅನುಮತಿ, ಪೋಷಕರ ಸಹಿ, ಇವೆಲ್ಲ ಬೇಕೇ ಬೇಕು. ಆದರೆ ಮಗುವಿನ ಒಪ್ಪಿಗೆ ಬೇರೆ. ಮಾತಾಡದ ಮಗು ಕೂಡ "ಬೇಡ" ಅನ್ನುತ್ತದೆ: ಬೆನ್ನು ತಿರುಗಿಸುತ್ತದೆ, ಆಟಿಕೆ ದೂಡುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ, ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ. ಕೆಲವು ಮಕ್ಕಳು ಸುಮ್ನೆ ಕಲ್ಲಿನ ಹಾಗೆ ಕೂತುಬಿಡುತ್ತವೆ, ಅದನ್ನು ಸಹಕಾರ ಎಂದು ತಿಳಿಯುವುದು ಎಲ್ಲಕ್ಕಿಂತ ಕೆಟ್ಟ ತಪ್ಪು. "ನಿಮ್ಮ ಮಗು ಬೇಡ ಅನ್ನೋದು ಹೇಗೆ?" ಎಂದು ಪೋಷಕರನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಇರುವುದು ಕಂಡ ಕೂಡಲೇ ನಿಲ್ಲಿಸಿ. ವಿಡಿಯೊಗೂ ಬೇರೆ ಬೇರೆ ಅನುಮತಿ ಇರಲಿ: ನೋಡಿ ಎಣಿಸಲು ಒಂದು, ಪಾಠದಲ್ಲಿ ತೋರಿಸಲು ಇನ್ನೊಂದು. ಮುಖ ಇರುವ ವಿಡಿಯೊದಲ್ಲಿ ಹೆಸರು ತೆಗೆದರೂ ಗುರುತು ಹೋಗುವುದಿಲ್ಲ.

ಚಿತ್ರೀಕರಣಕ್ಕೆ ಎರಡು ಕ್ಯಾಮೆರಾ ಬೇಕು. ಒಂದು ಮಗುವಿನ ಕಡೆ, ಒಂದು ಜೊತೆಗಾರರ ಕಡೆ. ಸಾಮಾನ್ಯ ಫೋನ್ ಸಾಕು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡನ್ನೂ ಹೊಂದಿಸಬಹುದು. ಮಗುವಿಗೆ ಇಷ್ಟವಾದ ಆಟಿಕೆಗಳೇ ಇರಲಿ. ಗುಂಯ್ ಎನ್ನುವ ಟ್ಯೂಬ್‌ಲೈಟ್ ಇದ್ದರೆ ಆರಿಸಿ. ಮಗು ಚಿತ್ರದ ಕಾರ್ಡೋ ಮಾತಾಡುವ ಟ್ಯಾಬ್ಲೆಟ್ಟೋ ಬಳಸುತ್ತಿದ್ದರೆ ಅದು ಕೈಗೆ ಸಿಗುವ ಹಾಗಿರಬೇಕು, ಅದರಲ್ಲಿ ಹೇಳಿದ್ದೂ ಮಾತೇ. ಒಂದೇ ದಿನ ಒಂದು ಗಂಟೆ ಕೂರಿಸುವುದಕ್ಕಿಂತ ಬೇರೆ ಬೇರೆ ದಿನ ಹತ್ತು ಹದಿನೈದು ನಿಮಿಷ ಒಳ್ಳೆಯದು. ಸಾಧ್ಯವಾದರೆ ಒಂದು ಸಲವಾದರೂ ಇನ್ನೊಂದು ಮಗುವಿನ ಜೊತೆ, ಅದರಲ್ಲೂ ತನ್ನಂಥದೇ ಮಗುವಿನ ಜೊತೆ ಚಿತ್ರೀಕರಿಸಿ. ದೊಡ್ಡವರ ಜೊತೆ ಕಾಣದ್ದು ಎಷ್ಟೋ ಸಲ ಅಲ್ಲಿ ಕಾಣುತ್ತದೆ.

ಈಗ ನಿಜವಾದ ಕೆಲಸ, ಕೋಡಿಂಗ್. ವಿಡಿಯೊ ನೋಡಿ ಯಾವಾಗ ಏನಾಯಿತು ಎಂದು ಗುರುತು ಹಾಕುವುದು. ಇದಕ್ಕೆ ಎಲಾನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ನೈಮೇಗನ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ಮಾಡಿದ್ದು. ಮಗುವಿಗೆ ಒಂದು ಸಾಲು, ಜೊತೆಗಾರರಿಗೆ ಒಂದು ಸಾಲು, ಎರಡೂ ಒಂದೇ ಸಮಯದ ಗೆರೆಯ ಮೇಲೆ. ಜೊತೆಗಾರರ ಸಾಲಿನಲ್ಲಿ ಪ್ರಶ್ನೆ, ವಿವರಣೆ, ಮಗು ಮಾಡಿದ್ದನ್ನೇ ಮಾಡುವುದು, ಮಗು ನೋಡುತ್ತಿರುವುದರ ಬಗ್ಗೆ ಮಾತಾಡುವುದು, ಸುಮ್ಮನೆ ಕಾಯುವುದು, ಇಷ್ಟಾದರೂ ಇರಲಿ. ಆಗ ಮಾತ್ರ ಯಾವುದರ ಹಿಂದೆ ಯಾವುದು ಬಂತು ಎಂದು ಕೇಳಲು ಸಾಧ್ಯ.

ಪ್ರತಿ ಗುರುತಿಗೂ ಬರೆದ ವ್ಯಾಖ್ಯೆ ಬೇಕು. ಬೆರಳು ತೋರಿಸುವುದನ್ನೇ ತೆಗೆದುಕೊಳ್ಳಿ. ಎಲಿಜಬೆತ್ ಬೇಟ್ಸ್ ಮತ್ತು ಜೊತೆಯವರು 1975ರಲ್ಲೇ ಇದನ್ನು ಎರಡು ಮಾಡಿದರು: "ಅದು ಕೊಡು" ಎಂದು ತೋರಿಸುವುದು, "ಅದು ನೋಡು" ಎಂದು ತೋರಿಸುವುದು. ಎರಡನೆಯದು ಜಂಟಿ ಗಮನ, ಅಂದರೆ ಇಬ್ಬರೂ ಒಂದೇ ವಸ್ತುವನ್ನು ಒಟ್ಟಿಗೆ ನೋಡುವುದು. ಆಟಿಸ್ಟಿಕ್ ಮಕ್ಕಳಲ್ಲಿ ಇದು ಕಡಿಮೆ ಎಂದು ಎಷ್ಟೋ ಅಧ್ಯಯನಗಳು ಹೇಳಿವೆ. ಆದರೆ ಹೆಚ್ಚಿನ ಕಡೆ ಮಗು ವಸ್ತು ಮತ್ತು ಮುಖ ಎರಡನ್ನೂ ನೋಡಿದರೆ ಮಾತ್ರ ಲೆಕ್ಕ. ಚಕ್ರವನ್ನು ಎದುರಿನವರಿಗೆ ಕಾಣುವ ಹಾಗೆ ಹಿಡಿದು, ಮುಖ ನೋಡದೇ ಇದ್ದ ನನ್ನ ಹುಡುಗನದು ಯಾವ ಲೆಕ್ಕ? ಉತ್ತರವನ್ನು ನೀವೇ ತೀರ್ಮಾನಿಸಿ, ಆದರೆ ವಿಡಿಯೊ ನೋಡುವ ಮೊದಲು ತೀರ್ಮಾನಿಸಿ, ಬರೆದಿಡಿ.

ಕಾಯುವ ಸಮಯವೂ ಹಾಗೆಯೇ. ಮೂರು ಸೆಕೆಂಡಿನೊಳಗೆ ಬಂದರೆ ಮಾತ್ರ ಪ್ರತಿಕ್ರಿಯೆ ಎಂದು ನಿಯಮ ಮಾಡಿದರೆ ನಿಧಾನವಾಗಿ ಉತ್ತರಿಸುವ ಮಕ್ಕಳೆಲ್ಲ ಸೊನ್ನೆ. ಅದರ ಬದಲು ಎಷ್ಟು ಸೆಕೆಂಡಿಗೆ ಬಂತು ಎನ್ನುವುದನ್ನೇ ಅಳೆಯಿರಿ. ಆ ಕಾರಿನ ತುಣುಕನ್ನು ನಾವು ಆ ದೊಡ್ಡವರಿಗೇ ತೋರಿಸಿದೆವು. ಅವರು ಒಂದೂ ಮಾತಾಡದೆ ಎರಡು ಸಲ ನೋಡಿದರು. ಮುಂದಿನ ಸಲ ಒಂದು ಪ್ರಶ್ನೆ ಕೇಳಿ ಕೈಕಟ್ಟಿ ಕೂತರು. ಹುಡುಗ ಕಾರು ತಳ್ಳಿದ, ಅವರು ಚಕ್ರ ತಿರುಗಿಸಿದರು, ಅವನು ಮತ್ತೆ ತನ್ನ ಕಡೆ ಎಳೆದುಕೊಂಡು ತಿರುಗಿಸಿದ. ಹೀಗೆ ಹನ್ನೊಂದು ಸಲ ನಡೆಯಿತು.

ಮಕ್ಕಳು ಕೇಳಿದ್ದನ್ನೇ ವಾಪಸ್ ಹೇಳುವುದನ್ನು, ಅಂದರೆ ಎಕೋಲೇಲಿಯಾವನ್ನು, "ಅರ್ಥವಿಲ್ಲದ ಮಾತು" ಎಂಬ ಡಬ್ಬಿಗೆ ಹಾಕಬೇಡಿ. ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಚನ್ 1981ರಲ್ಲೇ, ತಕ್ಷಣ ವಾಪಸ್ ಹೇಳುವುದಕ್ಕೆ ಏಳು ಕೆಲಸಗಳಿವೆ ಎಂದು ವಿಡಿಯೊ ನೋಡಿ ವಿಂಗಡಿಸಿದರು: ಸರದಿ ತೆಗೆದುಕೊಳ್ಳುವುದು, ಹೌದು ಎನ್ನುವುದು, ಕೇಳಿ ಪಡೆಯುವುದು, ಹೀಗೆ. ಎಷ್ಟೋ ದಿನದ ಹಿಂದೆ ಕೇಳಿದ್ದನ್ನು ಹೇಳುವುದು ಇನ್ನೂ ಕಷ್ಟ. ನಾನು ನೋಡಿದ ಐದು ವರ್ಷದ ಹುಡುಗಿಯೊಬ್ಬಳು, ಯಾರಾದರೂ ಹೊರಡಲು ಎದ್ದರೆ "ಮಳೆ ಬರ್ತಿದೆ, ಒಳಗೆ ಬಾ" ಅನ್ನುತ್ತಿದ್ದಳು. ಹೊರಗೆ ಬಿಸಿಲು. ಅಮ್ಮನನ್ನು ಕೇಳಿದ ಮೇಲೆ ಗೊತ್ತಾಯಿತು, ಒಂದು ದಿನ ಹೊರಟಿದ್ದ ಅಜ್ಜಿ ಆ ಮಾತು ಕೇಳಿ ವಾಪಸ್ ಬಂದು ಕೂತಿದ್ದರಂತೆ. "ಹೋಗಬೇಡ" ಎನ್ನಲು ಅವಳ ಹತ್ತಿರ ಇದ್ದ ಮಾತು ಅದು. ಆದ್ದರಿಂದ ಪ್ರತಿ ಮನೆಯವರ ಜೊತೆ ಕೂತು ಮಗುವಿನ ಒಂದು ನಿಘಂಟು ಮಾಡಿಕೊಳ್ಳಿ. ಅದಿಲ್ಲದೆ ಕೋಡಿಂಗ್ ಶುರು ಮಾಡಬೇಡಿ.

ಮಾತನ್ನು ಬರೆದುಕೊಳ್ಳುವವರಿಗೆ 1984ರಲ್ಲಿ ಶುರುವಾದ ಚೈಲ್ಡ್ಸ್ ಎಂಬ ಮಕ್ಕಳ ಮಾತಿನ ಸಂಗ್ರಹದ ಬರೆಯುವ ಕ್ರಮ ಸಿದ್ಧವಾಗಿದೆ. ವಾಕ್ಯದ ಸರಾಸರಿ ಉದ್ದ ಅಳೆಯುವುದಾದರೆ ಒಂದು ಎಚ್ಚರಿಕೆ: ರೋಜರ್ ಬ್ರೌನ್ 1973ರಲ್ಲಿ ಅದನ್ನು ಪ್ರಸಿದ್ಧಿಗೆ ತಂದದ್ದು ಇಂಗ್ಲಿಷ್ ಮಾತಾಡುವ ಮಕ್ಕಳ ಮೇಲೆ. "ಬರಲಿಲ್ಲವಂತೆ" ಎಂಬುದು ಪದದ ಲೆಕ್ಕದಲ್ಲಿ ಒಂದೇ, ಒಳಗೆ ಎಷ್ಟು ತುಂಡುಗಳಿವೆ ನೋಡಿ.

ಎರಡನೆಯವರೊಬ್ಬರು ವಿಡಿಯೊಗಳ ಐದನೇ ಒಂದು ಭಾಗವನ್ನಾದರೂ ಬೇರೆಯಾಗಿ ಕೋಡ್ ಮಾಡಬೇಕು. ಅವರಿಗೆ ಮಗುವಿನ ಡಯಾಗ್ನೋಸಿಸ್ ಗೊತ್ತಿರಬಾರದು, ವಿಡಿಯೊ ಮೊದಲ ಭೇಟಿಯದೋ ಆಮೇಲಿನದೋ ಎಂದೂ ಗೊತ್ತಿರಬಾರದು. ಹೊಂದಾಣಿಕೆಯನ್ನು ಸುಮ್ನೆ ಶೇಕಡಾದಲ್ಲಿ ಹೇಳಬೇಡಿ. ವಿಡಿಯೊದ ನೂರರಲ್ಲಿ ತೊಂಬತ್ತು ಭಾಗ ಖಾಲಿ ಇದ್ದರೆ, ಇಬ್ಬರೂ ಎಲ್ಲ ಕಡೆ "ಖಾಲಿ" ಎಂದು ಬರೆದರೂ ಹೊಂದಾಣಿಕೆ ಪೂರ್ತಿ ನೂರು, ಕೆಲಸ ಮಾತ್ರ ಸೊನ್ನೆ. ಅದೃಷ್ಟದಿಂದ ಹೊಂದುವುದನ್ನು ಕಳೆದು ಲೆಕ್ಕ ಹಾಕುವ ಕೋಹೆನ್ ಕಪ್ಪಾ 1960ರಿಂದ ಇದೆ, ಅದನ್ನು ಬಳಸಿ. ಇಬ್ಬರೂ ಒಪ್ಪದ ಕಡೆ ನಿಂತು ಮಾತಾಡಿ, ನಿಮ್ಮ ವ್ಯಾಖ್ಯೆ ಎಲ್ಲಿ ಸಡಿಲ ಎಂದು ಅಲ್ಲೇ ಗೊತ್ತಾಗುವುದು.

ಸಿದ್ಧ ಪರೀಕ್ಷೆಗಳನ್ನು ಅವುಗಳ ಕೆಲಸಕ್ಕೇ ಬಳಸಿ. ಎಂ-ಚಾಟ್-ಆರ್ 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸಾಧ್ಯತೆ ಇದೆಯೇ ಎಂದು ನೋಡುವ 20 ಪ್ರಶ್ನೆಗಳ ಜರಡಿ, ಬೆಳವಣಿಗೆ ಅಳೆಯುವ ಕೋಲಲ್ಲ. ಎಡಾಸ್-2 ಆಟಿಸಂ ಡಯಾಗ್ನೋಸಿಸ್‌ಗೆ ಮಾಡಿದ್ದು, ತರಬೇತಿ ಬೇಕು, ಕೆಲವು ತಿಂಗಳಲ್ಲಿ ಆದ ಸಣ್ಣ ಬದಲಾವಣೆ ಅದರಲ್ಲಿ ಸುಲಭವಾಗಿ ಕಾಣುವುದಿಲ್ಲ. ಪ್ರಶ್ನಾವಳಿಯನ್ನು ನೀವೇ ಅನುವಾದ ಮಾಡಿ ಹಳೆಯ ಅಂಕಗಳ ಗಡಿಯನ್ನೇ ಬಳಸುವುದೂ ಸರಿಯಲ್ಲ.

"ಬೆಳವಣಿಗೆ" ಎಂಬ ಪದ ಶೀರ್ಷಿಕೆಯಲ್ಲಿ ಇದ್ದರೆ ಅದೇ ಮಕ್ಕಳನ್ನು ಕನಿಷ್ಠ ಮೂರು ಸಲ ನೋಡಬೇಕು. ಎರಡೇ ಸಲ ನೋಡಿದರೆ ಸಿಗುವುದು ನೇರ ಗೆರೆ ಮಾತ್ರ, ಮಕ್ಕಳು ಹಾಗೆ ಬೆಳೆಯುವುದಿಲ್ಲ. ಸಮಯ ಇಲ್ಲದವರು ಹಿಂದಿನ ವಿಡಿಯೊ ಕೇಳಬಹುದು. 1994ರಲ್ಲಿ ಆಸ್ಟರ್ಲಿಂಗ್ ಮತ್ತು ಡಾಸನ್ 22 ಮಕ್ಕಳ ಮೊದಲ ಹುಟ್ಟುಹಬ್ಬದ ಮನೆ ವಿಡಿಯೊಗಳನ್ನು ನೋಡಿದರು, ಅದರಲ್ಲಿ 11 ಮಕ್ಕಳಿಗೆ ಮುಂದೆ ಆಟಿಸಂ ಗೊತ್ತಾಗಿತ್ತು. ಹೆಸರು ಕರೆದರೆ ತಿರುಗುವುದು, ವಸ್ತು ತೋರಿಸುವುದು, ಮುಖ ನೋಡುವುದು, ಇಂಥ ಸಣ್ಣ ವಿಷಯಗಳಲ್ಲಿ ಆಗಲೇ ವ್ಯತ್ಯಾಸ ಇತ್ತು. ಮಕ್ಕಳ ಸಂಖ್ಯೆ ತೀರಾ ಕಡಿಮೆ ಇದ್ದರೆ ಪ್ರತಿ ಮಗುವನ್ನೂ ಅದರ ಹಿಂದಿನ ಸ್ಥಿತಿಗೇ ಹೋಲಿಸಿ, ಸರಾಸರಿಯ ಗೋಜಿಗೆ ಹೋಗಬೇಡಿ.

ಬರೆಯುವಾಗ ಕಂಡದ್ದನ್ನು ಬರೆಯಿರಿ. "ಸಂವಹನ ದೋಷ" ಎಂದು ಬರೆಯುವ ಬದಲು "ಹತ್ತು ನಿಮಿಷದಲ್ಲಿ ನಾಲ್ಕು ಸಲ ತಾನಾಗಿ ಶುರು ಮಾಡಿತು, ಅದರಲ್ಲಿ ಮೂರನ್ನು ಜೊತೆಗಾರರು ಗಮನಿಸಲಿಲ್ಲ" ಎಂದು ಬರೆದರೆ ಓದುವವರಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಪತ್ರಿಕೆಗೆ ಕಳಿಸುವ ಮೊದಲು ಪ್ರತಿ ಮನೆಗೂ ಸರಳ ಭಾಷೆಯ ಒಂದು ಪುಟ ಕಳಿಸಿ. ಮಗು ಸಂಪರ್ಕ ಮಾಡಿದ ಒಂದು ತುಣುಕನ್ನೂ, ಎಷ್ಟನೇ ಸೆಕೆಂಡಿನಲ್ಲಿ ನೋಡಬೇಕು ಎಂದು ಬರೆದು, ಜೊತೆಗೆ ಕೊಡಿ. ಉಳಿದ ವಿಡಿಯೊಗಳನ್ನು ಯಾವ ದಿನ ಅಳಿಸುತ್ತೀರಿ ಎಂದು ಅದೇ ಪುಟದ ಕೆಳಗೆ ತಾರೀಖು ಹಾಕಿ.