ಒಂದು ತಿಂಗಳ ವರ್ಜನ ಪಥ್ಯವನ್ನು ಮಾಡುವುದು ಹೇಗೆ?

ಊಟ ಮುಗಿದು ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬಿ ಬಿಗಿದುಕೊಳ್ಳುತ್ತಿತ್ತು. ವಾರದಲ್ಲಿ ಎರಡು ಮೂರು ದಿನ ಭೇದಿಯೂ ಆಗುತ್ತಿತ್ತು. ಇದೆಲ್ಲಕ್ಕೂ ಗೋಧಿಯೇ ಕಾರಣವೆಂದು ನಾನು ಮೂರು ವರ್ಷ ನಂಬಿದ್ದೆ. ಆಗಾಗ ಗೋಧಿಯನ್ನು ಬಿಡುವುದು, ಸ್ವಲ್ಪ ಹಗುರವಾದಂತೆ ಅನ್ನಿಸುವುದು, ಮತ್ತೆ ತಿನ್ನುವುದು, ಹೀಗೆಯೇ ಕಾಲ ಸಾಗಿತ್ತು. ಕೊನೆಗೆ ವೈದ್ಯರ ಮತ್ತು ಆಹಾರತಜ್ಞರ ಸಲಹೆಯಂತೆ 30 ದಿನಗಳ ಕಟ್ಟುನಿಟ್ಟಿನ ವರ್ಜನ ಪಥ್ಯವನ್ನು, ಅಂದರೆ ಎಲಿಮಿನೇಷನ್ ಡಯಟ್ಟನ್ನು ಮಾಡಿದಾಗ ನನ್ನ ನಂಬಿಕೆ ತಪ್ಪೆಂದು ತಿಳಿಯಿತು. ಈ ಪಥ್ಯವನ್ನು ಯೋಚಿಸುತ್ತಿರುವವರಿಗೆ ನೆರವಾಗಲೆಂದು ಅದರ ಹಂತಗಳನ್ನು ನಾನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ತೊಂದರೆ ಕೊಡುತ್ತಿರಬಹುದೆಂಬ ಅನುಮಾನವಿರುವ ಆಹಾರಗಳನ್ನು ನಿಗದಿತ ಅವಧಿಗೆ ಪೂರ್ತಿಯಾಗಿ ಬಿಟ್ಟು, ಲಕ್ಷಣಗಳು ಇಳಿದ ಮೇಲೆ ಅವುಗಳನ್ನು ಒಂದೊಂದಾಗಿ ಮರಳಿ ಸೇರಿಸಿ ನೋಡುವುದು ಈ ಪಥ್ಯದ ತಿರುಳು. ಅಮೆರಿಕದ ವೈದ್ಯ ಆಲ್ಬರ್ಟ್ ರೋ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲೇ ಆಹಾರದ ಅಲರ್ಜಿಯನ್ನು ಪತ್ತೆಹಚ್ಚಲು ಇಂತಹ ಪಥ್ಯಗಳನ್ನು ರೂಪಿಸಿದ್ದರು. ಇದು ತೂಕ ಇಳಿಸುವ ಉಪಾಯವಲ್ಲ, ಜೀವನಪೂರ್ತಿ ಪಾಲಿಸಬೇಕಾದ ವ್ರತವೂ ಅಲ್ಲ. ಆರಂಭ ಮತ್ತು ಅಂತ್ಯ ಎರಡೂ ಇರುವ ಒಂದು ಪರೀಕ್ಷೆ.

ಬಿಡುವ ಮೊದಲು ಮಾಡಬೇಕಾದ ತಪಾಸಣೆ

ಏನನ್ನಾದರೂ ಬಿಡುವ ಮೊದಲು ವೈದ್ಯರನ್ನು ಕಾಣಬೇಕು. ನಾನು ಹಿಂದೆ ಮಾಡಿದ್ದಂತೆ ಸ್ವಂತ ನಿರ್ಧಾರದಿಂದ ಗೋಧಿಯನ್ನು ನಿಲ್ಲಿಸುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ಗೋಧಿಯಂತಹ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಸಣ್ಣಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ದೇಹದಲ್ಲಿರುವ ಪ್ರತಿಕಾಯಗಳನ್ನು ಹುಡುಕುತ್ತದೆ. ಗ್ಲುಟನ್ ಇರುವ ಆಹಾರವನ್ನು ಬಿಟ್ಟರೆ ಆ ಪ್ರತಿಕಾಯಗಳು ಕ್ರಮೇಣ ಇಳಿಯುವುದರಿಂದ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಆದ್ದರಿಂದ ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಯಾವುದೇ ಆಹಾರ ತಿಂದ ಕೂಡಲೇ ತುಟಿ ಅಥವಾ ಗಂಟಲು ಊದಿಕೊಂಡವರು, ಉಸಿರಾಟದ ತೊಂದರೆ ಅನುಭವಿಸಿದವರು ಅದನ್ನು ಮನೆಯಲ್ಲಿ ಮರಳಿ ತಿಂದು ನೋಡಲೇಬಾರದು, ಏಕೆಂದರೆ ಅಂತಹ ಅಲರ್ಜಿ ಜೀವಕ್ಕೇ ಎರವಾಗಬಹುದು. ಮಕ್ಕಳು, ಗರ್ಭಿಣಿಯರು, ಇನ್ಸುಲಿನ್ ತೆಗೆದುಕೊಳ್ಳುವವರು, ಊಟದ ಬಗ್ಗೆ ತೀವ್ರ ಭಯ ಅಥವಾ ಅತಿಯಾದ ನಿರ್ಬಂಧದಿಂದ ಹಿಂದೆ ನರಳಿದವರು ತಜ್ಞರ ನಿಗಾ ಇಲ್ಲದೆ ಇದಕ್ಕೆ ಕೈ ಹಾಕಬಾರದು.

ರಕ್ತದಲ್ಲಿನ ಐಜಿಜಿ ಎಂಬ ಬಗೆಯ ಪ್ರತಿಕಾಯಗಳನ್ನು ಅಳೆದು ‘ನಿಮಗೆ ಒಗ್ಗದ ಆಹಾರಗಳ ಪಟ್ಟಿ’ ಕೊಡುವ ಪರೀಕ್ಷೆಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ನಾವು ಏನನ್ನು ತಿಂದಿದ್ದೇವೆ ಎಂಬುದನ್ನಷ್ಟೇ ಆ ಪ್ರತಿಕಾಯಗಳು ಸೂಚಿಸುತ್ತವೆ. ಯುರೋಪಿನ ಮತ್ತು ಅಮೆರಿಕದ ಅಲರ್ಜಿ ತಜ್ಞರ ಸಂಸ್ಥೆಗಳು ಇವುಗಳನ್ನು ಶಿಫಾರಸು ಮಾಡುವುದಿಲ್ಲ.

ದಿನಚರಿ ಮತ್ತು ಪಟ್ಟಿ

ಪಥ್ಯ ಶುರುವಾಗುವುದಕ್ಕೆ ಒಂದು ವಾರ ಮೊದಲೇ, ಎಂದಿನ ಊಟವನ್ನೇ ಮಾಡುತ್ತಾ ಬರೆಯಲು ತೊಡಗಬೇಕು. ತಿಂದದ್ದು, ಅದರ ಅಂದಾಜು ಪ್ರಮಾಣ, ಹೊತ್ತು, ಲಕ್ಷಣ ಕಾಣಿಸಿಕೊಂಡ ಗಳಿಗೆ, ಅದರ ತೀವ್ರತೆಗೆ 0ಯಿಂದ 10ರವರೆಗೆ ಒಂದು ಅಂಕ, ಇಷ್ಟು ಸಾಕು. ನಿದ್ದೆ, ಮಾನಸಿಕ ಒತ್ತಡ, ಮುಟ್ಟಿನ ದಿನಗಳು, ತೆಗೆದುಕೊಂಡ ಮಾತ್ರೆಗಳನ್ನೂ ನಾನು ಗುರುತು ಮಾಡಿಕೊಂಡೆ, ಏಕೆಂದರೆ ಇವೆಲ್ಲವೂ ಹೊಟ್ಟೆಯ ಮೇಲೆ ಪರಿಣಾಮ ಬೀರುತ್ತವೆ. ಈ ವಾರದ ಅಂಕಗಳಿಲ್ಲದಿದ್ದರೆ ಮುಂದಿನ ಅಂಕಗಳನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ.

ಯಾವುದನ್ನು ಬಿಡಬೇಕೆಂಬುದು ಲಕ್ಷಣವನ್ನು ಅವಲಂಬಿಸಿದೆ. ಕರುಳಿನ ಕಿರಿಕಿರಿಗೆ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿಪಡಿಸಿದ, ಸುಲಭವಾಗಿ ಹುದುಗುವ ಸಕ್ಕರೆಗಳನ್ನು ತಗ್ಗಿಸುವ ಫಾಡ್‌ಮ್ಯಾಪ್ ಪಥ್ಯವಿದೆ. ಅನ್ನನಾಳದ ಒಂದು ಬಗೆಯ ಉರಿಯೂತಕ್ಕೆ ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಹಾಗೂ ಗೋಡಂಬಿಯಂತಹ ಬೀಜಗಳು, ಮೀನು ಹಾಗೂ ಸಿಗಡಿಯಂತಹ ಕಡಲ ಆಹಾರ ಎಂಬ ಆರು ಗುಂಪುಗಳನ್ನು ಬಿಡಿಸುವ ಕ್ರಮವಿದೆ. ಪಟ್ಟಿ ಉದ್ದವಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ನನ್ನ ಪಟ್ಟಿಯಲ್ಲಿ ಹಾಲು ಮತ್ತು ಹಾಲಿನ ಪದಾರ್ಥಗಳು, ಗೋಧಿ, ಮೊಟ್ಟೆ, ಸೋಯಾ ಮತ್ತು ಕಾಫಿ ಇದ್ದವು. ಅದರ ಪಕ್ಕದಲ್ಲೇ ತಿನ್ನಬಹುದಾದವುಗಳ ಇನ್ನೊಂದು ಪಟ್ಟಿಯನ್ನು ಆಹಾರತಜ್ಞರು ಬರೆಸಿದರು. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುವುದರಿಂದ, ಹಾಲು ನಿಂತಾಗ ಅದು ಬೇರೆಲ್ಲಿಂದ ಸಿಗುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಿತ್ತು.

ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದಕ್ಕೆ ಸಮಯ ಮೀಸಲಿಡಿ. ಹಾಲು ಎಂಬ ಹೆಸರಿಲ್ಲದಿದ್ದರೂ ಕೇಸಿನ್ ಅಥವಾ ವೇ ಎಂದಿದ್ದರೆ ಅದು ಹಾಲಿನದೇ. ಹಲವು ಮಾತ್ರೆಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಗಾತ್ರ ತುಂಬಿಸುವ ಪುಡಿಯಾಗಿ ಬಳಸುತ್ತಾರೆ; ಆದರೆ ಅದಕ್ಕಾಗಿ ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು.

ಬಿಟ್ಟಿರುವ 30 ದಿನಗಳು

ಎರಡನೆಯ ಮತ್ತು ಮೂರನೆಯ ದಿನ ನನಗೆ ತಲೆ ಸಿಡಿಯುವಂತಾಗಿತ್ತು. ಪಥ್ಯ ಒಗ್ಗುತ್ತಿಲ್ಲವೆಂದು ಹೆದರಿದೆ. ನಿಜವಾದ ಕಾರಣ ಕಾಫಿ: ರೂಢಿಯಾದ ಕೆಫೀನ್ ತಟ್ಟನೆ ನಿಂತರೆ 12ರಿಂದ 24 ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ, ಕೆಲವರಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಕಾಫಿ ಬಿಡುವವರು ಅದನ್ನು ವಾರ ಮೊದಲೇ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಂಡರೆ ಈ ನೋವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಹತ್ತನೆಯ ದಿನದ ಹೊತ್ತಿಗೆ ನನ್ನ ಹೊಟ್ಟೆಯುಬ್ಬರದ ಅಂಕ 7ರಿಂದ 3ಕ್ಕೆ, ಮೂರನೆಯ ವಾರದಲ್ಲಿ 1ಕ್ಕೆ ಇಳಿಯಿತು. ಈ ದಿನಗಳಲ್ಲಿ ದೊಡ್ಡ ಕಷ್ಟವೆಂದರೆ ಹಸಿವಲ್ಲ, ಪ್ರತಿ ಊಟವನ್ನೂ ಮುಂಚಿತವಾಗಿ ಯೋಚಿಸಬೇಕಾದ ದಣಿವು. ಎರಡು ಹೊತ್ತಿಗಾಗುವಷ್ಟನ್ನು ಒಮ್ಮೆಲೇ ಬೇಯಿಸಿಟ್ಟುಕೊಳ್ಳುವುದು ನನ್ನನ್ನು ಕಾಪಾಡಿತು. ತಪ್ಪಿ ಏನಾದರೂ ತಿಂದರೆ ಅದನ್ನು ಬರೆದಿಟ್ಟುಕೊಂಡು ಮುಂದುವರಿಯಬೇಕು. ಪಟ್ಟಿಯಲ್ಲಿರುವುದನ್ನು ಹೆಚ್ಚು ತಿಂದಿದ್ದರೆ ಅವಧಿಯನ್ನು ಕೆಲವು ದಿನ ವಿಸ್ತರಿಸಬೇಕು. 30 ದಿನ ಕಳೆದರೂ ಏನೂ ಬದಲಾಗದಿದ್ದರೆ ಇನ್ನಷ್ಟು ಆಹಾರಗಳನ್ನು ಕಳೆಯುತ್ತಾ ಹೋಗಬೇಡಿ. ಹಳೆಯ ಊಟಕ್ಕೆ ಮರಳಿ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಒಂದೊಂದಾಗಿ ಮರಳಿ ಸೇರಿಸುವುದು

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಇಲ್ಲಿ, ನಾನು ಎಡವಿದ್ದೂ ಇಲ್ಲಿಯೇ. 31ನೆಯ ದಿನ, ತಿಂಗಳು ಮುಗಿದ ಸಂತೋಷದಲ್ಲಿ, ಒಂದೇ ಊಟದಲ್ಲಿ ಬ್ರೆಡ್ಡು, ಮೊಟ್ಟೆ, ಹಾಲಿನ ಸಿಹಿ ಎಲ್ಲವನ್ನೂ ತಿಂದೆ. ರಾತ್ರಿ ಹೊಟ್ಟೆನೋವು ಬಂತು. ಯಾವುದರಿಂದ ಬಂತೆಂದು ಹೇಳುವ ದಾರಿಯೇ ಉಳಿಯಲಿಲ್ಲ. ಲಕ್ಷಣಗಳು ಮತ್ತೆ ಇಳಿಯಲೆಂದು ಇನ್ನೂ 10 ದಿನ ಪಥ್ಯದಲ್ಲಿರಬೇಕಾಯಿತು.

ಸರಿಯಾದ ಕ್ರಮ ಹೀಗಿದೆ. ಒಂದು ಆಹಾರವನ್ನು ಮಾತ್ರ ಆರಿಸಿ, ಮೊದಲ ದಿನ ಸ್ವಲ್ಪ, ಎರಡನೆಯ ದಿನ ಅದರ ಎರಡರಷ್ಟು, ಮೂರನೆಯ ದಿನ ಸಾಮಾನ್ಯವಾಗಿ ತಿನ್ನುವಷ್ಟು ತಿನ್ನಬೇಕು. ಉಳಿದೆಲ್ಲವೂ ಪಥ್ಯದಂತೆಯೇ ಇರಬೇಕು. ಲಕ್ಷಣ ಕಾಣಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಎರಡು ಮೂರು ದಿನ ಆ ಆಹಾರವನ್ನೂ ಬಿಟ್ಟು, ಅಂಕಗಳು ಕೆಳಗೆ ಬಂದ ಬಳಿಕವೇ ಮುಂದಿನದನ್ನು ಎತ್ತಿಕೊಳ್ಳಬೇಕು. ಪರೀಕ್ಷಿಸುವ ಆಹಾರ ಬೇರೆ ಯಾವುದರೊಂದಿಗೂ ಬೆರೆಯದಂತಿರಲಿ: ಗೋಧಿಯನ್ನು ಪರೀಕ್ಷಿಸುವಾಗ ಬೆಣ್ಣೆ, ಮೊಟ್ಟೆ ಸೇರಿದ ಕೇಕು ಸಲ್ಲದು.

ಗೋಧಿಯ ಸರದಿ ಬಂದಾಗ, ಮೊದಲ ದಿನ ನಾಲ್ಕು ತುತ್ತು ತಿಂದು ಹತ್ತು ನಿಮಿಷವಾಗುವಷ್ಟರಲ್ಲಿ ನನ್ನ ಹೊಟ್ಟೆ ಉಬ್ಬಿತು. ಕ್ರಮದಂತೆ ಅಲ್ಲಿಗೇ ನಿಲ್ಲಿಸಬೇಕಿದ್ದರೂ ನಾನು ಮುಂದುವರಿಸಿದೆ. ಮರುದಿನ ಅದರ ಎರಡರಷ್ಟು ತಿಂದರೂ ಏನೂ ಆಗಲಿಲ್ಲ, ಮೂರನೆಯ ದಿನವೂ ಆಗಲಿಲ್ಲ. ತೊಂದರೆಯಾಗುತ್ತದೆಂಬ ನಿರೀಕ್ಷೆಯೇ ತೊಂದರೆಯನ್ನು ತರುವುದುಂಟು. ವೈದ್ಯರು ಇದನ್ನು ನೊಸೀಬೊ ಪರಿಣಾಮ ಎನ್ನುತ್ತಾರೆ. ಆದ್ದರಿಂದಲೇ ರೋಗಿಗೂ ವೈದ್ಯರಿಗೂ ಯಾವುದರಲ್ಲಿ ಏನಿದೆಯೆಂದು ತಿಳಿಯದಂತೆ ನಡೆಸುವ ಪರೀಕ್ಷೆಯನ್ನು ಅತ್ಯಂತ ವಿಶ್ವಾಸಾರ್ಹವೆಂದು ಪರಿಗಣಿಸಲಾಗಿದೆ. ನಾನು ವಾರ ಬಿಟ್ಟು ಗೋಧಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ. ಮೂರು ದಿನವೂ ಅಂಕ 1 ದಾಟಲಿಲ್ಲ.

ಹಾಲು ಬೇರೆಯದೇ ಕಥೆ ಹೇಳಿತು. ಕಾಲು ಲೋಟಕ್ಕೆ ಏನೂ ಇಲ್ಲ, ಅರ್ಧ ಲೋಟಕ್ಕೂ ಇಲ್ಲ. ದೊಡ್ಡ ಲೋಟದ ತುಂಬ ಕುಡಿದ ದಿನ ಎರಡು ಗಂಟೆಗಳಲ್ಲಿ ಅಂಕ 8ಕ್ಕೆ ಏರಿತು. ಹಾಲಿನ ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣಕರುಳಿನಲ್ಲಿ ಕಡಿಮೆಯಿದ್ದರೆ, ಜೀರ್ಣವಾಗದ ಸಕ್ಕರೆ ದೊಡ್ಡಕರುಳನ್ನು ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ವಾಯುವಾಗುತ್ತದೆ, ಜೊತೆಗೆ ಕರುಳಿನೊಳಕ್ಕೆ ನೀರನ್ನೂ ಸೆಳೆಯುತ್ತದೆ. ಹೀಗಾಗಿ ಇಲ್ಲಿ ಪ್ರಮಾಣವೇ ನಿರ್ಣಾಯಕ. ಗೋಧಿಯ ಮೇಲೆ ಅಪವಾದ ಬಂದದ್ದೇಕೆಂದು ಪಥ್ಯಕ್ಕೆ ಮುಂಚಿನ ವಾರದ ದಿನಚರಿಯನ್ನು ತಿರುವಿದಾಗ ಗೊತ್ತಾಯಿತು: ಬ್ರೆಡ್ಡು ತಿಂದ ಪ್ರತಿ ಬೆಳಿಗ್ಗೆಯೂ ನಾನು ದೊಡ್ಡ ಲೋಟದಲ್ಲಿ ಹಾಲು ಕುಡಿದಿದ್ದೆ.

ಮೊಟ್ಟೆ, ಸೋಯಾ, ಕಾಫಿ ಯಾವ ತಕರಾರನ್ನೂ ತರಲಿಲ್ಲ. ಅವು ಆಯಾ ಪರೀಕ್ಷೆ ಮುಗಿದಂತೆ ಊಟಕ್ಕೆ ಮರಳಿದವು. ದಿನಚರಿಯನ್ನು ವೈದ್ಯರಿಗೆ ತೋರಿಸಿದ ಮೇಲೆ, ಹಾಲನ್ನು ಪೂರ್ತಿ ಬಿಡುವ ಬದಲು ಒಮ್ಮೆಗೆ ಅರ್ಧ ಲೋಟದಷ್ಟನ್ನು ಊಟದ ಜೊತೆಗೆ ಕುಡಿಯುತ್ತಿದ್ದೇನೆ. ಮೊಸರನ್ನು ಪ್ರತ್ಯೇಕವಾಗಿ ಪರೀಕ್ಷಿಸಿದೆ, ಅದು ಒಗ್ಗಿತು. ಸಹಿಸಬಲ್ಲ ಪ್ರಮಾಣ ಕಾಲಕ್ರಮೇಣ ಬದಲಾಗಬಹುದಾದ್ದರಿಂದ, ಕೆಲವು ತಿಂಗಳ ನಂತರ ಇದೇ ಮೂರು ದಿನಗಳ ಕ್ರಮದಲ್ಲಿ ಹಾಲನ್ನು ಇನ್ನೊಮ್ಮೆ ಪರೀಕ್ಷಿಸಬೇಕೆಂದು ದಿನಚರಿಯ ಕೊನೆಯ ಪುಟದಲ್ಲಿ ಗುರುತು ಹಾಕಿಟ್ಟಿದ್ದೇನೆ.