‘ಮೊದಲಿಂದನೂ ಹಿಂಗ ಐತ್ರಿ’ ಅಂದರೆ ಏನು ಮಾಡಬೇಕು?

ಹುಬ್ಬಳ್ಳಿ ಕಡೆಯ ಯಾವ ಕಾರ್ಖಾನೆಗೆ ಬೇಕಾದರೂ ಹೋಗಿ. “ಈ ಚೀಟಿ ಮೂರು ಕಾಪಿ ಯಾಕ್ರಿ?” ಅಂತ ಕೇಳಿ. “ಮೊದಲಿಂದನೂ ಹಿಂಗ ಐತ್ರಿ ಸರ” ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ವರ್ಷಕ್ಕೊಮ್ಮೆ ಮಾಲೀಕರಿಗೆ ಹುರುಪು ಬರುತ್ತದೆ. ಎಲ್ಲರನ್ನೂ ಕೂರಿಸಿಕೊಂಡು “ಹೊಸ ಐಡಿಯಾ ಹೇಳ್ರಿ” ಅನ್ನುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ, ಚಹಾ ಕುಡಿದು ಎದ್ದು ಹೋಗುತ್ತಾರೆ. “ನಮ್ಮ ಮಂದಿಗೆ ತಲಿನ ಓಡಂಗಿಲ್ಲ” ಅಂತ ಮಾಲೀಕರು ಆಮೇಲೆ ನನ್ನ ಹತ್ತಿರ ಗೊಣಗುತ್ತಾರೆ. ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು, ಎಲ್ಲ ಕಡೆ ಈ ಆಟ ನೋಡಿದ್ದೇನೆ. ಸೂಪರ್‌ವೈಸರ್ ಆಗಿದ್ದಾಗ ನಾನೂ ಇದನ್ನೇ ಮಾಡಿದ್ದೆ, ಸುಳ್ಳು ಯಾಕೆ ಹೇಳಲಿ.

ಹಳೆ ಪದ್ಧತಿಗಳನ್ನು ಕೆದಕಿ, ಕೆಲಸಗಾರರಿಂದ ಹೊಸ ಐಡಿಯಾ ಹೊರಡಿಸುವುದನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಈಗ ನೋಡೋಣ.

ಹೆಜ್ಜೆ 1: ಒಂದು ನೋಟ್‌ಬುಕ್ ತನ್ನಿ

ಜೇಬಿನಲ್ಲಿ ಹಿಡಿಸುವಂಥದ್ದು ಸಾಕು. ಒಂದು ವಾರ, “ಮೊದಲಿಂದನೂ” ಅನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಯಾವ ಕೆಲಸದ ಬಗ್ಗೆ ಅಂದರು ಅಂತ ಬರೆದುಕೊಳ್ಳಿ. ಇದಕ್ಕೆ ಆ್ಯಪ್ ಮಾರುವವರು ಬರುತ್ತಾರೆ, ಗೇಟಿನಿಂದಲೇ ಕಳಿಸಿಬಿಡಿ.

ಹೆಜ್ಜೆ 2: ನಿಮ್ಮ ಪದ್ಧತಿಯಿಂದಲೇ ಶುರು ಮಾಡಿ

ಆ ಪಟ್ಟಿಯಲ್ಲಿ ನೀವೇ ಹಾಕಿಕೊಟ್ಟ ಪದ್ಧತಿ ಒಂದಾದರೂ ಇರುತ್ತದೆ. ಮೊದಲು ಅದನ್ನೇ ಆರಿಸಿ. ಸ್ಟೋರ್‌ನವರ ಪದ್ಧತಿಗೆ ಕೈ ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ. ನಿಮ್ಮದಕ್ಕೆ ನೀವೇ ಕೈ ಹಾಕಿದರೆ ಉಳಿದವರು ಕಿವಿ ನಿಮಿರಿಸುತ್ತಾರೆ.

ಹೆಜ್ಜೆ 3: ಅದು ಹುಟ್ಟಿದ್ದು ಯಾಕೆ ಅಂತ ಹುಡುಕಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಾನು ಹೋಗಿ ಕೈ ಸುಟ್ಟುಕೊಂಡಿದ್ದೇನೆ.

ನಾನಿದ್ದ ಕಾರ್ಖಾನೆಯಲ್ಲಿ ಗೇಟಿನ ಕಾವಲುಗಾರರು ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದರು. ಫೌಂಡ್ರಿಯಿಂದ ಮಾಲು ಬಂದಾಗಲೆಲ್ಲ ಗಾಡಿ ನಂಬರು, ತೂಕ ಬರೆಯುತ್ತಿದ್ದರು. ಒಳಗೆ ಕಂಪ್ಯೂಟರಿನಲ್ಲಿ ಎಂಟ್ರಿ ಆಗುತ್ತಲ್ಲ, ಇದು ಯಾಕೆ ಸುಮ್ನೆ ಅಂತ ನಿಲ್ಲಿಸಿದೆ. ಹೊಸತನ ತಂದೆ ಅಂತ ಹೆಮ್ಮೆ ಬೇರೆ! ಎರಡು ತಿಂಗಳಲ್ಲಿ ಮಾಲು ಕಮ್ಮಿ ಬಂದಿದೆ ಅಂತ ಜಗಳ ಶುರುವಾಯಿತು. ನೋಡಿದರೆ ಕಂಪ್ಯೂಟರಿಗೆ ಹೋಗುತ್ತಿದ್ದದ್ದು ಚಲನ್‌ನಲ್ಲಿ ಬರೆದು ಕಳಿಸಿದ ತೂಕ. ನಮ್ಮ ಕಾಟಾದ ಮೇಲೆ ಬಂದ ತೂಕ ಇದ್ದದ್ದು ಆ ದಪ್ಪ ರಿಜಿಸ್ಟರಿನಲ್ಲಿ ಮಾತ್ರ. ಹಿಂದೆ ಇಂಥದ್ದೇ ಜಗಳ ಆದಾಗ ಅದನ್ನು ಶುರು ಮಾಡಿದ್ದರಂತೆ. ಕಾವಲುಗಾರರಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಕೇಳುವುದಕ್ಕೆ ಜಪಾನಿನ ಟೊಯೋಟಾ ಕಾರು ಕಂಪನಿಯ ಇಂಜಿನಿಯರ್ ತೈಚಿ ಓನೊ ಹೇಳಿಕೊಟ್ಟ ದಾರಿಯಿದೆ. ‘ಯಾಕೆ’ ಅಂತ ಐದು ಸಲ ಕೇಳುವುದು. ಅವರದೇ ಉದಾಹರಣೆ ನಮ್ಮ ಶೆಡ್‌ಗಳಿಗೂ ಹೊಂದುತ್ತದೆ. ಯಂತ್ರ ನಿಂತಿತು, ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆ ಪಂಪು ಸರಿಯಾಗಿ ಎಳೆಯಲಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿತ್ತು. ಯಾಕೆ? ಜಾಲರಿ ಇರಲಿಲ್ಲ, ಲೋಹದ ಚೂರು ಒಳಗೆ ಹೋಗಿತ್ತು. ಮೊದಲನೇ ‘ಯಾಕೆ’ಗೇ ನಿಂತಿದ್ದರೆ ಫ್ಯೂಸ್ ಹಾಕಿ ಮನೆಗೆ ಹೋಗುತ್ತಿದ್ದರು, ಮತ್ತೆ ಫ್ಯೂಸ್ ಹೋಗುತ್ತಿತ್ತು.

ಆದರೆ ಯಂತ್ರಕ್ಕೆ ಕೇಳಿದ ಹಾಗೆ ಮನುಷ್ಯರಿಗೆ ಕೇಳಬೇಡಿ. “ಯಾಕ ಮಾಡಿದಿ? ಯಾಕ?” ಅಂದರೆ ಪೊಲೀಸ್ ವಿಚಾರಣೆ ಆಗುತ್ತದೆ. “ಇದು ಹೆಂಗ ಶುರು ಆತು ಅಣ್ಣಾರ?” ಅನ್ನಿ. ಹಳಬರು ಕತೆ ಹೇಳುತ್ತಾ ಕೂರುತ್ತಾರೆ, ಕಾರಣ ಅದರೊಳಗೇ ಸಿಗುತ್ತದೆ.

ಹೆಜ್ಜೆ 4: ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ

ಜನ ಕೆಡಿಸುವುದು ಇಲ್ಲೇ. ನಿಧಾನವಾಗಿ ಓದಿ.

ಜಾಗ ಮೊದಲು. ನಿಮ್ಮ ಕ್ಯಾಬಿನ್ ಬೇಡ. ಮಷೀನ್ ಪಕ್ಕ ನಿಂತು ಕೇಳಿ. ಅಮಾವಾಸ್ಯೆ ಪೂಜೆ ಮುಗಿದು ಎಲ್ಲರೂ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ನಿಂತಿರುತ್ತಾರಲ್ಲ, ಅದಕ್ಕಿಂತ ಒಳ್ಳೆ ಹೊತ್ತು ನನಗಂತೂ ಗೊತ್ತಿಲ್ಲ.

ಪ್ರಶ್ನೆ ಎರಡನೆಯದು. “ಐಡಿಯಾ ಐತೇನು?” ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. “ದಿನಾ ನಿಮ್ಮ ಯಾವ ಅರ್ಧ ತಾಸು ಸುಮ್ಮನ ಹಾಳಾಗತೈತಿ?” ಅಂತ ಕೇಳಿ. ಸಣ್ಣವರಿಗೆ ಮೊದಲು ಕೇಳಿ. ಫೋರ್‌ಮನ್ ಬಾಯಿ ತೆಗೆದ ಮೇಲೆ ಹೆಲ್ಪರ್ ಹುಡುಗ ಮಾತಾಡುವುದು ಕನಸಿನ ಮಾತು.

ಕೇಳಿದ ಮೇಲೆ ಎಲ್ಲ ಸ್ತಬ್ಧ. ಆ ಮೌನ ತಡೆಯಲಾಗದೆ ನಾವೇ ಉತ್ತರ ಹೇಳಿಬಿಡುತ್ತೇವೆ, ಕೆಲಸ ಕೆಡುತ್ತದೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಮಿರ್ಚಿ ತಿನ್ನಿ.

ಮೊದಲು ಬರುವ ಉತ್ತರ ಸಣ್ಣದಿರುತ್ತದೆ. ಫ್ಯಾನ್ ತಿರುಗುವುದಿಲ್ಲ, ನಲ್ಲಿ ಸೋರುತ್ತದೆ, ಇಂಥವು. ನಗಬೇಡಿ. ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ. ಅವತ್ತು ಸಂಜೆಯೊಳಗೆ ಆ ಫ್ಯಾನ್ ತಿರುಗಬೇಕು. ತಿರುಗಿದರೆ ಮುಂದಿನ ಸಲ ಬರುವ ಮಾತು ದೊಡ್ಡದಿರುತ್ತದೆ, ಮತ್ತು ಹೆಚ್ಚಾಗಿ ಅದು ನಿಮ್ಮ ಬಗ್ಗೆಯೇ ಇರುತ್ತದೆ.

ನನಗೆ ಹೀಗೇ ಆಯಿತು. ಫ್ಯಾನ್ ರಿಪೇರಿ ಮಾಡಿಸಿದ ಮುಂದಿನ ಅಮಾವಾಸ್ಯೆಗೆ ಒಬ್ಬ ಹೆಲ್ಪರ್ ಹುಡುಗ, “ಸರ, ನಿಮ್ಮ ಮುಂಜಾನಿ ಮೀಟಿಂಗ್ ಬಿಟ್ರ ಚಲೋ ಆಗತೈತ್ರಿ, ಅಷ್ಟೊತ್ತಿಗೆ ಎರಡ ಜಾಬ್ ಮುಗೀತಾವು” ಅಂದ. ಆ ಮೀಟಿಂಗ್ ಶುರು ಮಾಡಿದ್ದು ನಾನು. ಮುಖ ಕೆಂಪಾಯಿತು. “ಹೌದು, ಆದ್ರ...” ಅಂತ ಶುರು ಮಾಡಿದೆ. ಆ ‘ಆದ್ರ’ ಕೇಳಿದ್ದೇ ತಡ, ಸುತ್ತ ನಿಂತಿದ್ದವರೆಲ್ಲ ಪ್ಲೇಟು ನೋಡತೊಡಗಿದರು. ಅವತ್ತು ಮತ್ತೆ ಯಾರೂ ಮಾತಾಡಲಿಲ್ಲ.

ಅಂಥ ಹೊತ್ತಿನಲ್ಲಿ ಒಂದೇ ಮಾತು ಸಾಕು: “ಬರಕೋತೀನಿ, ಮುಂದ ಹೇಳು.” ನಿಜವಾಗಿಯೂ ಬರೆದುಕೊಳ್ಳಿ, ಅವರ ಎದುರಿಗೇ. ಒಪ್ಪಬೇಕಾಗಿಲ್ಲ. ಸಮರ್ಥನೆ ಮಾತ್ರ ಅವತ್ತು ಬೇಡ.

ಇಷ್ಟಕ್ಕೇ ಮುಗಿಯುವುದಿಲ್ಲ. ಮರುದಿನ ಯಾರೋ ಒಬ್ಬರು ಆ ಹುಡುಗನಿಗೆ “ಸಾಹೇಬ್ರ ಮುಂದ ಭಾಳ ಮಾತಾಡ್ತೀಯಲ್ಲಪಾ” ಅಂತ ಚುಚ್ಚುತ್ತಾರೆ. ಅದನ್ನು ತಡೆಯುವುದು ನಿಮ್ಮ ಕೆಲಸ. ಇಲ್ಲದಿದ್ದರೆ ಉಳಿದವರು ಪಾಠ ಕಲಿಯುತ್ತಾರೆ, ಬೇಡದ ಪಾಠ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ನಡೆಯುವ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ ಕಂಡಿತು! ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ನಿಮ್ಮ ಶೆಡ್‌ನಲ್ಲಿ ದೂರೇ ಇಲ್ಲ ಅಂದರೆ ಖುಷಿಪಡಬೇಡಿ.

ಸಲಹಾ ಪೆಟ್ಟಿಗೆ ಇಡಲೇ? ಅಂತ ಕೇಳುತ್ತೀರಿ. ಬೇಡ. ನಾನು ನೋಡಿದ ಪೆಟ್ಟಿಗೆಗಳ ಕೀಲಿ ಕೈ ಒಂದೂ ಸಿಕ್ಕಿಲ್ಲ. ಒಂದರೊಳಗೆ ಗುಟ್ಕಾ ಚೀಟಿ ಇದ್ದವು. ವಾಟ್ಸ್‌ಆ್ಯಪ್ ಗುಂಪೂ ಬೇಡ, ಅಲ್ಲಿ ಬರುವುದು ಶುಭೋದಯದ ಹೂವು ಮಾತ್ರ. ಹೆಬ್ಬೆರಳು ಎತ್ತಿ ನಿಂತ ಸೂಟುಧಾರಿ ಪ್ರೇರಣಾ ಭಾಷಣಕಾರರಿಗೆ ಕೊಡುವ ದುಡ್ಡಿನಲ್ಲಿ ಎಷ್ಟು ಫ್ಯಾನ್ ಬರುತ್ತವೆ, ಲೆಕ್ಕ ಹಾಕಿ.

ಹೆಜ್ಜೆ 5: ಹದಿನೈದು ದಿನ, ಒಂದೇ ಮಷೀನ್

ಬದಲಾವಣೆಯನ್ನು ಇಡೀ ಕಾರ್ಖಾನೆಗೆ ಒಮ್ಮೆಲೇ ಹೇರಬೇಡಿ. ಒಂದೇ ಕಡೆ ಮಾಡಿ, ಮುಗಿಯುವ ತಾರೀಕನ್ನು ಬೋರ್ಡ್ ಮೇಲೆ ಬರೆಯಿರಿ. ‘ಆಗಲಿಲ್ಲ ಅಂದ್ರ ಹಳೇದಕ್ಕ ಹೋಗೋಣು’ ಅಂತ ಮೊದಲೇ ಹೇಳಿದರೆ ವಿರೋಧ ಅರ್ಧ ಇಳಿಯುತ್ತದೆ. ಭರಾಟೆಯ ದಿನ ಶುರು ಮಾಡಬೇಡಿ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರಿಗೆ ಮಾಲಿಗೆ ಬೆಲೆ ಕಟ್ಟುವ ಟೆಂಡರ್ ದಿನ ಹೊಸ ಲೆಕ್ಕದ ಪುಸ್ತಕ ಕೊಟ್ಟು ನೋಡಿ, ಏನಂತಾರೆ ಅಂತ.

ಕೆಟ್ಟಾಗ ನಿಲ್ಲಿಸುವ ಹಕ್ಕು ಕೆಲಸಗಾರರಿಗೂ ಇರಲಿ. ಟೊಯೋಟಾ ಕಂಪನಿ ಕಟ್ಟಿದ ಟೊಯೋಡಾ ಮನೆತನ ಕಾರಿಗಿಂತ ಮೊದಲು ಮಗ್ಗ ಮಾಡುತ್ತಿತ್ತು. 1924ರಲ್ಲಿ ಸಾಕಿಚಿ ಟೊಯೋಡಾ ತಂದ ಮಗ್ಗ, ನೂಲು ಹರಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಹರಿದ ನೂಲಿನಲ್ಲೇ ನೇಯುತ್ತಾ ಹೋದರೆ ಏನಾಗುತ್ತದೆ ಅಂತ ಗದಗ-ಬೆಟಗೇರಿಯ ನೇಕಾರರಿಗೆ ಹೇಳಿಕೊಡಬೇಕಾಗಿಲ್ಲ. ಮುಂದೆ ಕಾರು ಮಾಡುವಾಗಲೂ, ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಕಾರು ಜೋಡಿಸುವ ಸಾಲನ್ನೇ ನಿಲ್ಲಿಸಬಹುದು ಅನ್ನುವ ಪದ್ಧತಿ ತಂದರು.

ನಮ್ಮ ಮುಂಜಾನೆ ಮೀಟಿಂಗ್‌ಗೂ ಹೀಗೇ ಮಾಡಿದೆವು. ಲೇತ್ ವಿಭಾಗಕ್ಕೆ ಮಾತ್ರ ಹದಿನೈದು ದಿನ ನಿಲ್ಲಿಸಿದೆವು. ಪೂರ್ತಿ ಇಲ್ಲದಿದ್ದರೆ ಶಿಫ್ಟ್ ಬದಲಾಗುವಾಗ ಗೊಂದಲ ಆಗುತ್ತಿತ್ತು. ಕೊನೆಗೆ ಬೋರ್ಡ್ ಮುಂದೆ ನಿಂತು ಐದು ನಿಮಿಷ ಅಂತ ಆಯಿತು. ಆ ಐದು ನಿಮಿಷದ ಸಲಹೆಯೂ ಅದೇ ಹುಡುಗನದು.

ಹೆಜ್ಜೆ 6: ಏನಾಯಿತು ಅಂತ ಹೇಳಿ

ಸಲಹೆ ಕೊಟ್ಟವರಿಗೆ, ಎಲ್ಲರ ಎದುರು, ಅವರ ಹೆಸರು ಹಿಡಿದು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತಲೂ ಹೇಳಿ. ದುಡ್ಡು ಉಳಿದಿದ್ದರೆ ಅದರಲ್ಲಿ ಪಾಲು ಕೊಡಿ, ಗೋಡೆಗೆ ಹಾಕುವ ಪ್ರಶಸ್ತಿ ಫಲಕ ಯಾರಿಗೂ ಬೇಡ.

ಇನ್ನು, ಉಳಿಸಿಕೊಂಡ ಹಳೆ ಪದ್ಧತಿಗಳಿಗೆ ಅದರ ಕಾರಣ ಬರೆದು, ತಾರೀಕು ಹಾಕಿ ಅಲ್ಲೇ ಅಂಟಿಸಿ. ಗೇಟಿನ ದಪ್ಪ ರಿಜಿಸ್ಟರ್ ನಾನು ಮತ್ತೆ ಶುರು ಮಾಡಿಸಿದೆ. ಅದರ ಮೊದಲ ಪುಟದಲ್ಲಿ ಈಗ ಎರಡು ಸಾಲು ಇವೆ: ‘ಚಲನ್ ತೂಕ ಬೇರೆ, ಕಾಟಾ ತೂಕ ಬೇರೆ. ಎರಡೂ ತಾಳೆ ನೋಡಲು ಈ ಪುಸ್ತಕ.’